ಪೈನ್ ಮೇಜು, ಕಪಾಟು, ಬೆಂಚು: ಪಾಲಿಶ್ ಆರಿಸಿದ್ದು ಹೀಗೆ

ಮರಗೆಲಸ ಮುಗಿದಿದೆ. ಪುಸ್ತಕದ ಕಪಾಟು, ಊಟದ ಮೇಜು, ಬಾಗಿಲ ಹತ್ತಿರ ಕೂತು ಶೂ ಹಾಕಿಕೊಳ್ಳಲು ಒಂದು ಬೆಂಚು. ಮೂರೂ ಪೈನ್. ಕಪಾಟು ಮತ್ತು ಮೇಜಿನ ಹಲಗೆ ಬೆಂಗಳೂರಿನ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟಿನಿಂದ ತಂದದ್ದು. ಬೆಂಚಿಗೆ ಮಾತ್ರ ಹಳೇ ಪ್ಯಾಲೆಟ್ (ಸರಕು ಸಾಗಿಸುವ ಮರದ ಚೌಕಟ್ಟು) ಬಿಚ್ಚಿದೆ, ಎಚ್‌ಟಿ ಮುದ್ರೆ ಇರುವುದನ್ನೇ ಹುಡುಕಿ. ಎಚ್‌ಟಿ ಅಂದರೆ ಬಿಸಿ ಕೊಟ್ಟು ಹುಳ ಸಾಯಿಸಿದ ಮರ. ಎಂಬಿ ಅಂತಿದ್ದರೆ ಮೀಥೈಲ್ ಬ್ರೋಮೈಡ್ ಅನಿಲ ಹಾಕಿದ್ದು. ಅಂಥದ್ದನ್ನು ಮನೆಯೊಳಗೆ ತರಬೇಡಿ.

ಈಗ ಪಾಲಿಶ್ ಸರದಿ. ಕೇಳಿದವರೆಲ್ಲ ಕೊಡುವ ಸಲಹೆ ಒಂದೇ: ತೇಗದ ಬಣ್ಣದ ಸ್ಟೇನ್ (ಮರದೊಳಗೆ ಇಳಿಯುವ ಬಣ್ಣ) ಹೊಡೆಯಿರಿ, ಮೇಲೆ ಮೆಲಮೈನ್ ಪಾಲಿಶ್ ಹಾಕಿಸಿ, ಪೈನ್ ಅಂತ ಯಾರಿಗೂ ಗೊತ್ತಾಗುವುದಿಲ್ಲ. ನನಗೆ ಇದು ಒಪ್ಪಿಗೆಯಿಲ್ಲ. ಪೈನ್ ಪೈನಾಗಿಯೇ ಕಾಣಲಿ ಅನ್ನುವುದು ನನ್ನ ಆಸೆ. ಅದಕ್ಕಿಂತ ಮುಖ್ಯವಾಗಿ, ಈ ಮರ ಸ್ಟೇನನ್ನು ಸರಿಯಾಗಿ ತೆಗೆದುಕೊಳ್ಳುವುದೇ ಇಲ್ಲ.

ಕಾರಣ ಎಳೆಯಲ್ಲೇ ಇದೆ. ಪೈನಿನ ಪ್ರತಿ ವರ್ಷದ ಉಂಗುರದಲ್ಲಿ ಎರಡು ಭಾಗ. ಬೆಳೆಯುವ ಕಾಲದ ಶುರುವಿನಲ್ಲಿ ಬೇಗ ಬೆಳೆದದ್ದು ತಿಳಿ ಬಣ್ಣ, ಮೆತ್ತಗೆ. ಕೊನೆಯಲ್ಲಿ ನಿಧಾನ ಬೆಳೆದದ್ದು ಗಾಢ, ಗಟ್ಟಿ. ಮೆತ್ತನೆ ಭಾಗ ಸ್ಟೇನನ್ನು ಗಟಗಟ ಕುಡಿಯುತ್ತದೆ, ಗಟ್ಟಿ ಭಾಗ ಮುಟ್ಟುವುದಿಲ್ಲ. ಹಾಗಾಗಿ ತಿಳಿ ಇದ್ದದ್ದು ಕಪ್ಪಾಗಿ, ಗಾಢ ಇದ್ದದ್ದು ತಿಳಿಯಾಗಿ, ಹಳೇ ಫೋಟೋದ ನೆಗೆಟಿವ್ ಹಾಗೆ ಎಳೆಯೇ ತಿರುಗುಮುರುಗಾಗುತ್ತದೆ. ಜೊತೆಗೆ ಅಲ್ಲಲ್ಲಿ ಮೋಡ ಕವಿದಂಥ ಕಲೆ. ಮೊದಲು ತೆಳು ಸೀಲರ್ ಹಚ್ಚಿ, ಆಮೇಲೆ ಮುದ್ದೆಯಂಥ ಜೆಲ್ ಸ್ಟೇನ್ ಹಾಕಿದರೆ ಇದು ಸಾಕಷ್ಟು ತಗ್ಗುತ್ತದೆ. ಬಣ್ಣ ಬೇಕೇ ಬೇಕು ಅನ್ನುವವರಿಗೆ ಅದು ದಾರಿ. ನಾನು ಬಣ್ಣವನ್ನೇ ಬಿಟ್ಟೆ. ಬೆಳಕಿಗೆ ಪೈನ್ ತಾನಾಗಿಯೇ ಜೇನಿನ ಬಣ್ಣಕ್ಕೆ ತಿರುಗುತ್ತದೆ, ಅವಸರ ಯಾಕೆ?

ಪರೀಕ್ಷೆಗೆ ಅದೇ ಹಲಗೆಯ ಉಳಿಕೆ ತುಂಡುಗಳನ್ನೇ ಬಳಸಿದೆ. ಇದರಲ್ಲಿ ರಾಜಿ ಬೇಡ. ಅಂಗಡಿಯ ಬಣ್ಣದ ಕಾರ್ಡ್ ನಿಮ್ಮ ಮರದ ಮೇಲೆ ಏನಾಗುತ್ತದೆ ಅಂತ ಹೇಳುವುದಿಲ್ಲ. ತುಂಡನ್ನೂ ಮೇಜಿನಷ್ಟೇ ಉಜ್ಜಬೇಕು: 120, 150, 180 ನಂಬರ್ ಉಪ್ಪುಕಾಗದ, ಎಳೆಯ ಉದ್ದಕ್ಕೆ. ಮಾಸ್ಕಿಂಗ್ ಟೇಪಿನಿಂದ ಚೌಕ ಚೌಕ ಮಾಡಿ ಒಂದೊಂದರಲ್ಲಿ ಒಂದೊಂದು ಹಚ್ಚಿದೆ. ಒಣಗಿದ ಮೇಲೆ ನಮ್ಮ ಮನೆ ಊಟದ ಮೇಜಿಗೆ ನಿಜವಾಗಿ ಆಗುವುದನ್ನೆಲ್ಲ ಮಾಡಿದೆ. ಬಿಸಿ ಕಾಫಿಯ ಸ್ಟೀಲ್ ಲೋಟ ಇಟ್ಟೆ. ಅರಿಶಿನದ ಹುಳಿ ಚೆಲ್ಲಿ ರಾತ್ರಿಯಿಡೀ ಬಿಟ್ಟೆ. ನಿಂಬೆರಸ, ಕೊಬ್ಬರಿ ಎಣ್ಣೆಯನ್ನೂ ಹಾಕಿದೆ.

ಅಗಸೆ ಎಣ್ಣೆ ಹಚ್ಚಿದ ಚೌಕ ನೋಡಲು ಎಲ್ಲಕ್ಕಿಂತ ಚೆಂದ. ಎಳೆಗೆ ಒಂದು ಆಳ ಬರುತ್ತದೆ. ಆದರೆ ಹುಳಿಯ ಅರಿಶಿನ ಒಳಗಿಳಿದು ಕೂತಿತು. ಬಿಸಿಲಿಗಿಟ್ಟರೆ ಅರಿಶಿನ ಮಾಸುತ್ತದೆ, ಹುಳಿಯ ಒಗ್ಗರಣೆ ಎಣ್ಣೆಯ ಕಲೆ ಮಾಸುವುದಿಲ್ಲ. ಮಳೆಗಾಲದಲ್ಲಿ ಈ ಎಣ್ಣೆ ಒಣಗುವುದೂ ಬಹಳ ನಿಧಾನ. ಬಳಸುವವರು ಒಂದು ವಿಷಯ ದಯವಿಟ್ಟು ನೆನಪಿಡಿ. ಇದು ಆವಿಯಾಗಿ ಒಣಗುವುದಲ್ಲ, ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುವುದು. ಆಗ ಬಿಸಿ ಹುಟ್ಟುತ್ತದೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಕಸದ ಡಬ್ಬಿಗೆ ಹಾಕಿದರೆ ತಾನಾಗಿ ಬೆಂಕಿ ಹತ್ತಬಹುದು. ಅಪಾರ್ಟ್‌ಮೆಂಟಿನ ಯುಟಿಲಿಟಿಯಲ್ಲಂತೂ ಬೇಡವೇ ಬೇಡ. ಬಟ್ಟೆಯನ್ನು ಬಿಡಿಸಿ ಹೊರಗೆ ಒಣಗಿಸಿ, ಇಲ್ಲವೇ ನೀರಲ್ಲಿ ನೆನೆಸಿಡಿ.

ಬರೀ ಜೇನುಮೇಣ ಕೈಗೆ ಹಿತ, ರಕ್ಷಣೆ ಕಡಿಮೆ. ಮೇಜಿಗೆ ಆಗುವುದಿಲ್ಲ. ಮೆಲಮೈನ್ ಗಟ್ಟಿ, ಹೊಳಪು ಜಾಸ್ತಿ. ಆದರೆ ಅದು ಆಸಿಡ್ ಬೆರೆಸಿ ಗಟ್ಟಿಯಾಗಿಸುವ ಎರಡು ಡಬ್ಬಿಯ ಮಾಲು, ಗಟ್ಟಿಯಾಗುವಾಗ ಫಾರ್ಮಾಲ್ಡಿಹೈಡ್ ಬಿಡುತ್ತದೆ. ಮಕ್ಕಳು ಓಡಾಡುವ ಎರಡು ರೂಮಿನ ಮನೆಯಲ್ಲಿ ಅದನ್ನು ನಾನು ಹಚ್ಚುವುದಿಲ್ಲ.

ನನ್ನ ಮನಸ್ಸು ಗೆದ್ದದ್ದು ಅರಗು. ಶೆಲ್ಯಾಕ್ ಅಂತ ಮಾರುವುದು ಇದನ್ನೇ. ಅರಗಿನ ಹುಳ ಮರದ ರೆಂಬೆಯ ಮೇಲೆ ಬಿಡುವ ಅಂಟು. ಜಾರ್ಖಂಡ್, ಛತ್ತೀಸಗಢದ ಕಡೆ ಜಾಸ್ತಿ ಬೆಳೆಯುತ್ತಾರೆ. ಬೆಂಗಳೂರಿನಿಂದ 60 ಕಿಲೋಮೀಟರ್ ದೂರದ ಚನ್ನಪಟ್ಟಣದಲ್ಲಿ ಬೊಂಬೆಗೆ ಹಚ್ಚುವುದೂ ಅರಗನ್ನೇ. ನಾವು ಅರಗನ್ನು ಸ್ಪಿರಿಟಿನಲ್ಲಿ ಕರಗಿಸಿ ಹಚ್ಚುತ್ತೇವೆ, ಅಲ್ಲಿ ಸ್ಪಿರಿಟ್ ಬೇಡ. ತಿರುಗುವ ಹಾಲೆ ಮರದ ತುಂಡಿಗೆ ಬಣ್ಣ ಬೆರೆಸಿದ ಅರಗಿನ ಕಡ್ಡಿ ಒತ್ತುತ್ತಾರೆ, ಉಜ್ಜಾಟದ ಬಿಸಿಗೆ ಅದು ಕರಗಿ ಮೆತ್ತಿಕೊಳ್ಳುತ್ತದೆ, ಆಮೇಲೆ ತಾಳೆಗರಿಯಿಂದ ಹೊಳಪು ಕೊಡುತ್ತಾರೆ. ಮಾತ್ರೆಗಳ ಮೇಲಿನ ಹೊದಿಕೆಗೂ, ಮಿಠಾಯಿಯ ಹೊಳಪಿಗೂ ಅರಗು ಬಳಸುತ್ತಾರೆ. ಕೈಗೆಟುಕುವ ಇಂಥ ವಸ್ತುವನ್ನು ಬಿಟ್ಟು ದುಬಾರಿ ಆಮದು ಎಣ್ಣೆಗಳ ಹಿಂದೆ ಹೋಗುವುದು ನನಗೆ ಸರಿ ಕಾಣುವುದಿಲ್ಲ.

ಪೈನಿಗೆ ಅರಗು ಇನ್ನೊಂದು ಕಾರಣಕ್ಕೆ ಬೇಕು. ಪೈನಿನ ಗಂಟುಗಳಲ್ಲಿ ರಾಳ ಇರುತ್ತದೆ. ಎಷ್ಟೋ ತಿಂಗಳಾದ ಮೇಲೂ ಅದು ಪಾಲಿಶ್ ದಾಟಿ ಹಳದಿ ಕಲೆಯಾಗಿ ಮೇಲೆ ಬರುತ್ತದೆ. ಅದನ್ನು ತಡೆಯಲು ಅರಗಿನಷ್ಟು ಒಳ್ಳೆಯದು ಇನ್ನೊಂದಿಲ್ಲ. ಬೆಂಗಳೂರಿನ ಎಸ್‌ಜೆಪಿ ರಸ್ತೆಯಲ್ಲಿ ಚಕ್ಕೆ ಅರಗು ತಂದೆ. ಒಂದು ಲೀಟರ್ ಸ್ಪಿರಿಟಿಗೆ ಸುಮಾರು 120 ಗ್ರಾಂ ಲೆಕ್ಕದಲ್ಲಿ ಗಾಜಿನ ಜಾಡಿಯಲ್ಲಿ ಕರಗಿಸಿದೆ. ಸಾಮಾನ್ಯ ಚಕ್ಕೆಯಲ್ಲಿ ಸ್ವಲ್ಪ ಮೇಣ ಇರುತ್ತದೆ. ಮೇಣ ಉಳಿದರೆ ಅರಗಿನ ಮೇಲೆ ಹಚ್ಚುವ ಪಿಯು (ಪಾಲಿಯುರೆಥೇನ್ ಪಾಲಿಶ್) ಸರಿಯಾಗಿ ಹಿಡಿಯುವುದಿಲ್ಲ. ಜಾಡಿಯನ್ನು ಅಲುಗಾಡಿಸದೆ ಕೆಲವು ದಿನ ಬಿಟ್ಟರೆ ಮೇಣ ಅಡಿಗೆ ಇಳಿಯುತ್ತದೆ. ಮೇಲಿನ ತಿಳಿಯನ್ನಷ್ಟೇ ಬಸಿದುಕೊಂಡೆ. ಜಾಡಿಯ ಮೇಲೆ ತಾರೀಖು ಬರೆಯಿರಿ, ಹಳೆಯದಾದ ದ್ರಾವಣ ಸರಿಯಾಗಿ ಒಣಗುವುದಿಲ್ಲ. ಸ್ಪಿರಿಟಿನಲ್ಲಿ ವಿಷಕಾರಿ ಮೆಥನಾಲ್ ಇರಬಹುದು, ಬೆಂಕಿಯೂ ಹತ್ತಬಹುದು, ಹಾಗಾಗಿ ಕಿಟಕಿ ತೆರೆದಿರಲಿ, ಒಲೆ ಆರಿರಲಿ.

ಆದರೆ ಮೇಜಿನ ಮೇಲ್ಮೈಗೆ ಅರಗು ಒಂದೇ ಸಾಲದು. ಕಾಫಿ ಲೋಟದ ಪರೀಕ್ಷೆಯಲ್ಲಿ ಅಚ್ಚುಕಟ್ಟಾದ ಬಿಳಿ ಉಂಗುರ ಬಿತ್ತು. 75 ಡಿಗ್ರಿ ಆಸುಪಾಸಿನಲ್ಲಿ ಅರಗು ಮೆತ್ತಗಾಗುತ್ತದೆ, ನಮ್ಮ ಕಾಫಿ ಅಷ್ಟು ಬಿಸಿ ಇರುತ್ತದಲ್ವಾ? ಹಾಗಾಗಿ ಮೇಜಿಗೆ ಕೆಳಗೆ ಅರಗು, ಮೇಲೆ ನೀರಿನ ಪಿಯು, ಮ್ಯಾಟ್ ಅಂದರೆ ಹೊಳಪಿಲ್ಲದ್ದು. ಎಣ್ಣೆ ಪಿಯು ಇನ್ನೂ ಗಟ್ಟಿ ಅನ್ನಿಸಿತು, ಆದರೆ ಅದು ಹಳದಿಯನ್ನು ಬೇಗ ಹೆಚ್ಚಿಸುತ್ತದೆ, ವಾಸನೆಯೂ ಜಾಸ್ತಿ.

ಕಪಾಟಿಗೆ ಬರೀ ಅರಗು ಎರಡು ಕೈ, ಮೇಲೆ ತೆಳುವಾಗಿ ಜೇನುಮೇಣ. ಅಲ್ಲಿ ಬಿಸಿಯಿಲ್ಲ, ನೀರಿಲ್ಲ. ಅರಗು ಬೇಗ ಒಣಗುತ್ತದೆ, ವಾಸನೆ ಉಳಿಯುವುದಿಲ್ಲ, ಪುಸ್ತಕ ಅಂಟುವುದಿಲ್ಲ. ಇದು ಮುಗಿದಿದೆ. ಪುಸ್ತಕಗಳನ್ನು ಆಗಾಗ ಜಾಗ ಬದಲಿಸುತ್ತಿದ್ದೇನೆ. ಇಲ್ಲದಿದ್ದರೆ ಬೆಳಕು ಬಿದ್ದ ಕಡೆ ಮಾತ್ರ ಬಣ್ಣ ತಿರುಗಿ, ಪುಸ್ತಕದ ಆಕಾರದ ಬಿಳಿ ಪಟ್ಟೆ ಉಳಿಯುತ್ತದೆ.

ಮಳೆಯ ದಿನ ಅರಗು ಹಚ್ಚಬೇಡಿ. ಸ್ಪಿರಿಟ್ ಆವಿಯಾಗುವಾಗ ಮರದ ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅಲ್ಲೇ ಕೂತು ಬಿಳಿ ಮಬ್ಬು ಹಿಡಿಯುತ್ತದೆ. ಬೆಂಗಳೂರಿನ ಮಳೆಗಾಲದ ಬೆಳಗ್ಗೆ ತೇವ ಬಹಳ. ಹನ್ನೊಂದರ ಮೇಲೆ, ಬಿಸಿಲು ಬಂದಾಗಲೇ ಕೈ ಹಾಕುತ್ತಿದ್ದೇನೆ.

ಮೇಜಿನ ಸ್ಥಿತಿ ಇದು. ಗಂಟುಗಳಿಗೆ ಬೇರೆಯಾಗಿ ಎರಡು ಸಲ ಅರಗು, ಆಮೇಲೆ ಪೂರ್ತಿ ಮೈಗೆ ಒಂದು ಕೋಟ್. 320 ಕಾಗದದಲ್ಲಿ ಹಗುರವಾಗಿ ಉಜ್ಜಿ ಪಿಯು ಎರಡು ಕೋಟ್ ಆಗಿದೆ, ಮೂರನೆಯದು ಬಾಕಿ. ಅರಗು ಮೊದಲೇ ಇದ್ದುದರಿಂದ ನೀರಿಗೆ ಎಳೆ ಎದ್ದು ನಿಲ್ಲಲಿಲ್ಲ. ಡಬ್ಬಿಯನ್ನು ಕುಲುಕಬಾರದು, ಗುಳ್ಳೆ ಬರುತ್ತದೆ. ಆದರೆ ಅಡಿವರೆಗೆ ಕಲಕಲೇಬೇಕು, ಮ್ಯಾಟ್ ಪುಡಿ ಅಡಿಯಲ್ಲಿ ಕೂತಿರುತ್ತದೆ. ಕೋಟ್‌ಗಳ ನಡುವೆ ಸ್ಟೀಲ್ ವುಲ್ ಬಳಸಬೇಡಿ. ಸಿಕ್ಕಿಕೊಂಡ ಚೂರು ನೀರಿನ ಪಿಯು ಒಳಗೆ ತುಕ್ಕು ಹಿಡಿಯುತ್ತದೆ. ಹಲಗೆಯ ತಳಭಾಗಕ್ಕೂ ಅಷ್ಟೇ ಕೋಟ್ ಕೊಡುತ್ತಿದ್ದೇನೆ, ಮೇಲೆ ಕೆಳಗೆ ತೇವ ಹೀರುವ ವೇಗ ಒಂದೇ ಇರಲಿ ಅಂತ. ಮುಟ್ಟಿದರೆ ಒಣಗಿದ ಹಾಗೆ ಇದ್ದರೂ ಪೂರ್ತಿ ಗಟ್ಟಿಯಾಗಲು ವಾರಗಳೇ ಬೇಕು. ಅಲ್ಲಿವರೆಗೆ ಊಟ ನೆಲದ ಮೇಲೆಯೇ.

ಬೆಂಚು ಇನ್ನೂ ಪಾಲಿಶ್ ಇಲ್ಲದೆ ನಿಂತಿದೆ. ಅದರ ದೊಡ್ಡ ಶತ್ರು ದಿನಾ ನೆಲ ಒರೆಸುವ ನೀರು. ಕಾಲಿನ ತುದಿಯ ಅಡ್ಡ ಎಳೆ ನೀರನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಪೈನಿಗೆ ಗೆದ್ದಲಿನ ಭಯವೂ ಇದೆ. ಮೊದಲು ನಾಲ್ಕೂ ತುದಿಗೆ ಎಪಾಕ್ಸಿ ಅಂಟು ಕುಡಿಸುತ್ತೇನೆ, ಕೆಳಗೆ ರಬ್ಬರ್ ಬುಡ ಹೊಡೆಯುತ್ತೇನೆ, ಆಮೇಲೆ ಮೇಜಿನ ಕ್ರಮವೇ. ಕೂರುವ ಹಲಗೆಗೆ ಪಿಯು ನಾಲ್ಕು ಕೋಟ್ ಬೇಕಾಗಬಹುದು, ಉಳಿಕೆ ತುಂಡಿನ ಮೇಲೆ ಶೂ ಉಜ್ಜಿ ನೋಡಿ ತೀರ್ಮಾನಿಸುತ್ತೇನೆ.