ನೀಲಿ ಕೇಪಳ

ನಮ್ಮ ಸಸ್ಯಶಾಸ್ತ್ರದ ಮೇಷ್ಟ್ರನ್ನು ಕಳೆದ ವರ್ಷ ಆಷಾಢದಲ್ಲಿ ಕಳುಹಿಸಿಕೊಟ್ಟೆವು. ಗಿರಿಯ ಕಡೆಯಿಂದ ಮೂರು ದಿನ ಬಿಡದೆ ಮಳೆ ಸುರಿದಿತ್ತು. ಚಿತೆಯ ಸೌದೆ ಹತ್ತಿಕೊಳ್ಳುವುದಕ್ಕೇ ಬಹಳ ಹೊತ್ತು ಹಿಡಿಯಿತು. 1985ರಲ್ಲಿ ಬಿ.ಎಸ್ಸಿ. ಮುಗಿಸಿದ ನಮ್ಮ ತರಗತಿಯ ಹನ್ನೊಂದು ಜನ ಕೊಡೆ ಹಿಡಿದು ನಿಂತಿದ್ದೆವು. ಅವರಲ್ಲಿ ಯಾರೋ ಮೆಲ್ಲಗೆ ಕೇಳಿದರು: "ಮೇಷ್ಟ್ರನ್ನು ಇತ್ತೀಚೆಗೆ ನೋಡಿದವರು ಯಾರು?" ಒಬ್ಬರೂ ಬಾಯಿ ಬಿಡಲಿಲ್ಲ.

ಆ ಪ್ರಶ್ನೆ ಉಳಿದವರಿಗಿಂತ ನನಗೆ ಹೆಚ್ಚು ತಾಗಿತು. ನಿವೃತ್ತಿಗೆ ಮೊದಲು ಮೂರು ವರ್ಷ ನಾನು ಇದೇ ಚಿಕ್ಕಮಗಳೂರಿನ ಬ್ಯಾಂಕ್ ಶಾಖೆಯೊಂದರ ವ್ಯವಸ್ಥಾಪಕನಾಗಿದ್ದೆ. ಮೇಷ್ಟ್ರ ಮನೆ ಅಲ್ಲಿಂದ ಹತ್ತು ನಿಮಿಷದ ನಡಿಗೆ. ಮೂರು ವರ್ಷದಲ್ಲಿ ಹೋದದ್ದು ಎರಡು ಸಲ. ಕಾಲೇಜಿನ ಗೇಟಿನ ಒಳಗಂತೂ ಒಮ್ಮೆಯೂ ಕಾಲಿಟ್ಟಿರಲಿಲ್ಲ. 'ಹಳೆಯ ವಿದ್ಯಾರ್ಥಿಗಳು ಮತ್ತು ಕಾಲೇಜಿನ ಋಣ' ಎಂಬ ವಿಷಯ ಕೊಟ್ಟು ಬರೆಯಿರಿ ಎಂದು ಸಂಚಿಕೆಯ ಸಂಪಾದಕರು ಕೇಳಿದಾಗ ಮೊದಲು ನೆನಪಾದದ್ದು ಹತ್ತದ ಆ ಸೌದೆ.

ಮೇಷ್ಟ್ರನ್ನು ನಾವು 'ಎಲೆ ಮೇಷ್ಟ್ರು' ಎನ್ನುತ್ತಿದ್ದೆವು. ಪಾಠದ ಕೋಣೆಯಲ್ಲಿ ಅವರು ಏನು ಹೇಳಿದರೆಂಬುದು ಈಗ ನೆನಪಿಲ್ಲ. ಕೋಶವಿಭಜನೆಯ ಹಂತಗಳನ್ನು ಕೇಳಿದರೆ ಎರಡನೆಯದಕ್ಕೇ ತಡವರಿಸುತ್ತೇನೆ. ಆದರೆ ಕೈಮರದಿಂದ ಗಿರಿಯ ದಾರಿಯಲ್ಲಿ ನಮ್ಮನ್ನು ನಡೆಸಿಕೊಂಡು ಹೋದ ಮೇಷ್ಟ್ರು ಇಂದಿಗೂ ಕಣ್ಣ ಮುಂದೆ ಇದ್ದಾರೆ. ಬಿಳಿ ಕ್ಯಾನ್ವಾಸ್ ಬೂಟು, ಮಡಿಸಿ ಕಟ್ಟಿದ ಪ್ಯಾಂಟು, ಹೆಗಲಿಗೆ ತೂಗುಹಾಕಿದ ತಗಡಿನ ಬಿಸ್ಕತ್ತು ಡಬ್ಬ, ಕೈಯಲ್ಲಿ ಸುಣ್ಣ ಮತ್ತು ಹೊಗೆಸೊಪ್ಪಿನ ಪುಡಿ ಕಟ್ಟಿದ ಬಟ್ಟೆಯ ಗಂಟು. ಉಂಬಳ ಹತ್ತಿದ ಹುಡುಗಿಯರು ಕೂಗಿಕೊಂಡಾಗ ಆ ಗಂಟನ್ನು ಒತ್ತಿ ಬಿಡಿಸಿ, ನಿಲ್ಲಿಸಿದ್ದ ಮಾತನ್ನು ಅದೇ ಪದದಿಂದ ಮುಂದುವರಿಸುತ್ತಿದ್ದರು. ನೆರೆಯ ಹಾಸನ ಜಿಲ್ಲೆಯ ಸಸ್ಯಗಳ ಮೇಲೆ ಸಲ್ಡಾನ ಮತ್ತು ನಿಕೋಲ್ಸನ್ ಬರೆದ ದಪ್ಪ ಗ್ರಂಥ 1976ರಲ್ಲಿ ಬಂದಿತ್ತು. ಅದರ ಮೇಲೆ ಅವರಿಗೆ ಅಪಾರ ಗೌರವ, ಜೊತೆಗೆ ಸ್ವಲ್ಪ ಹೊಟ್ಟೆಕಿಚ್ಚು. "ಮುಳ್ಳಯ್ಯನಗಿರಿ ಇರುವುದು ನಮ್ಮಲ್ಲಿ. 1930 ಮೀಟರ್, ಕರ್ನಾಟಕದಲ್ಲಿ ಇದಕ್ಕಿಂತ ಎತ್ತರದ ಜಾಗವಿಲ್ಲ. ಶೋಲಾ ಕಾಡು ನಮ್ಮಲ್ಲಿ, ಹುಲ್ಲುಗಾವಲು ನಮ್ಮಲ್ಲಿ. ಹಾಗಿರುವಾಗ ನಾವು ಕೈಕಟ್ಟಿ ಕೂರುವುದೇ?" ಎನ್ನುತ್ತಿದ್ದರು.

ಹೀಗೆ ಶುರುವಾದದ್ದು ನಮ್ಮ ಕಾಲೇಜಿನ ಹರ್ಬೇರಿಯಂ, ಎಂದರೆ ಒಣಗಿಸಿದ ಗಿಡಗಳ ಸಂಗ್ರಹ. ಪ್ರತಿ ವಿದ್ಯಾರ್ಥಿಯೂ ಇಪ್ಪತ್ತೈದು ಗಿಡಗಳನ್ನು ತಂದು, ಹಳೆಯ ಪತ್ರಿಕೆಗಳ ನಡುವೆ ಒತ್ತಿ ಒಣಗಿಸಿ, ದಪ್ಪ ಹಾಳೆಗೆ ಹೊಲಿದು, ಬಲಗಡೆಯ ಕೆಳಮೂಲೆಯಲ್ಲಿ ಲೇಬಲ್ ಅಂಟಿಸಬೇಕು. ಮಳೆಗಾಲದಲ್ಲಿ ಗಿಡ ಒಣಗುವುದಿಲ್ಲ, ಬೂಷ್ಟು ಹಿಡಿಯುತ್ತದೆ. ದಿನವೂ ಪತ್ರಿಕೆ ಬದಲಿಸಬೇಕು. ಹಾಸ್ಟೆಲಿನ ನಮ್ಮಿಂದ ಅದು ಆಗದೆಂದು ತಿಳಿದ ಮೇಷ್ಟ್ರು ನಮ್ಮೆಲ್ಲರ ಕಟ್ಟುಗಳನ್ನೂ ಮನೆಗೆ ಹೊತ್ತುಕೊಂಡು ಹೋಗಿ ಬಚ್ಚಲ ಒಲೆಯ ಪಕ್ಕ ಸಾಲಾಗಿ ನಿಲ್ಲಿಸುತ್ತಿದ್ದರು. ನಲವತ್ತು ಮಕ್ಕಳ ಗಿಡಗಳು ಒಂದು ಸಂಸಾರದ ಬಚ್ಚಲುಮನೆಯಲ್ಲಿ ಒಣಗಿದವು. ಆ ತಾಯಿ ಎಂದೂ ಗೊಣಗಲಿಲ್ಲ. ಕಟ್ಟು ತರಲು ಹೋದಾಗಲೆಲ್ಲ ಕಾಫಿ ಕೊಟ್ಟರು.

ಲೇಬಲಿನ ವಿಷಯದಲ್ಲಿ ಮೇಷ್ಟ್ರು ಬಹಳ ಕಟ್ಟುನಿಟ್ಟು. "ಗಿಡದ ಹೆಸರು ತಪ್ಪಿದರೆ ಚಿಂತೆಯಿಲ್ಲ, ನಾಳೆ ತಿಳಿದವರು ಯಾರಾದರೂ ತಿದ್ದುತ್ತಾರೆ. ಎಲ್ಲಿ ಸಿಕ್ಕಿತು, ಯಾವತ್ತು ಸಿಕ್ಕಿತು ಎಂಬುದು ನಿನ್ನೊಬ್ಬನಿಗೇ ಗೊತ್ತು. ಅದನ್ನು ನೀನು ಬರೆಯದಿದ್ದರೆ ಆ ಗಿಡ ಬರೀ ಒಣ ಹುಲ್ಲು."

ಇನ್ನು ನಮ್ಮ ಕಿಡಿಗೇಡಿತನದ ಕಥೆ. ಅದು 1984ರ ಅಕ್ಟೋಬರ್ ಕೊನೆಯ ವಾರ. ಕಡೂರಿನ ನನ್ನ ಗೆಳೆಯನಿಗೂ ನನಗೂ ಒಂದೊಂದು ಹಾಳೆ ಕಡಿಮೆ ಬಿದ್ದಿತ್ತು. ಮತ್ತೆ ಗಿರಿ ಹತ್ತುವ ಮನಸ್ಸಿಲ್ಲ. ಹಾಸ್ಟೆಲಿನ ಬೇಲಿಯಲ್ಲಿ ಹೂವಿಲ್ಲದ ಕೇಪಳದ ರೆಂಬೆ ಸಿಕ್ಕಿತು. ಕುರಿಂಜಿ ಕುಲದ ಗಿಡವೊಂದರ ನೀಲಿ ಹೂಗಳು ಒಣಗಿ ಕೈಯಲ್ಲಿದ್ದವು. ಮೈದಾ ಅಂಟಿನಿಂದ ಹೂಗಳನ್ನು ರೆಂಬೆಯ ತುದಿಗೆ ಕೂರಿಸಿದೆವು. ಕೇಪಳದ ಹೂವು ಕೆಂಪೆಂದು ಮಲೆನಾಡಿನ ಮಗುವಿಗೂ ಗೊತ್ತು. ನೀಲಿ ಕೇಪಳವೆಂದರೆ ಹೊಸ ಶೋಧವೇ ಸರಿ! ಇಬ್ಬರ ಹೆಸರನ್ನೂ ಬರೆದು, 'ಕವಿಕಲ್ ಗಂಡಿಯ ಬಳಿ, ಬಂಡೆಯ ಸಂದಿಯಲ್ಲಿ' ಎಂದು ಲೇಬಲ್ ಅಂಟಿಸಿ ಒಪ್ಪಿಸಿದೆವು.

ಎರಡು ದಿನ ಮೇಷ್ಟ್ರು ಏನೂ ಹೇಳಲಿಲ್ಲ. ಮೂರನೆಯ ದಿನ ಪ್ರಯೋಗಾಲಯಕ್ಕೆ ಕರೆದರು. ಹಾಳೆಯಿಂದ ಒಂದೇ ಒಂದು ಹೂವನ್ನು ಬಿಡಿಸಿ, ಬಿಸಿನೀರಿನಲ್ಲಿ ನೆನೆಸಿ ಮೆತ್ತಗಾಗಿಸಿ, ಬ್ಲೇಡಿನಿಂದ ಉದ್ದಕ್ಕೆ ಸೀಳಿ ಸೂಕ್ಷ್ಮದರ್ಶಕದ ಕೆಳಗಿಟ್ಟಿದ್ದರು. ಒಬ್ಬೊಬ್ಬರಾಗಿ ನೋಡಲು ಹೇಳಿದರು. "ಎಸಳು ಎಷ್ಟು?" ಐದು. "ಕೇಪಳಕ್ಕೆ?" ನಾಲ್ಕು. "ಅಂಡಾಶಯ ಎಲ್ಲಿದೆ?" ಎಸಳಿನ ಬುಡಕ್ಕಿಂತ ಮೇಲೆ. "ಕಾಫಿ, ಕೇಪಳಗಳ ವಂಶದಲ್ಲಿ ಎಲ್ಲಿರಬೇಕು?" ಕೆಳಗೆ. ನಮ್ಮ ದನಿ ಅಡಗಿತ್ತು. ಅವರು ಬೈಯಲಿಲ್ಲ, ಪ್ರಾಂಶುಪಾಲರಿಗೆ ಹೇಳಲೂ ಇಲ್ಲ. "ಸೋಮವಾರ ನಿಜವಾದ ಗಿಡ ತನ್ನಿ" ಎಂದು ಹೇಳಿ ಸೀಳಿದ ಹೂವನ್ನು ಒಂದು ಚಿಕ್ಕ ಲಕೋಟೆಗೆ ಹಾಕಿದರು.

ಮರುದಿನವೇ ದೆಹಲಿಯಲ್ಲಿ ಇಂದಿರಾ ಗಾಂಧಿಯವರ ಹತ್ಯೆಯಾಯಿತು. 1978ರ ಉಪಚುನಾವಣೆಯಲ್ಲಿ ಅವರನ್ನು ಲೋಕಸಭೆಗೆ ಕಳುಹಿಸಿದ ಊರು ನಮ್ಮದು. ಆ ವಾರ ಬೀದಿಗಳಲ್ಲಿ ಮಾತೇ ಇರಲಿಲ್ಲ. ಭಾನುವಾರ ನಾವಿಬ್ಬರೂ ಬಸ್ಸಿಗೆ ಕಾಯದೆ ನಡೆದೇ ಹೋಗಿ ಎರಡು ಜರಿಗಿಡ ತಂದೆವು. ಹಾಸ್ಟೆಲಿನಲ್ಲಿ ಕೈಗೆ ಸಿಕ್ಕ ಪತ್ರಿಕೆಯ ನಡುವೆ ಒತ್ತಿಟ್ಟೆವು.

ಹೂವನ್ನು ಸೀಳದೆ ನಂಬಬಾರದೆಂಬ ಪಾಠ ನನ್ನ ಅನ್ನಕ್ಕೆ ದಾರಿಯಾಯಿತು. ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ದುಡಿದೆ. ಒಮ್ಮೆ ತೋಟದ ಸಾಲಕ್ಕೆ ಬಂದ ಕಡತದಲ್ಲಿ ಪಹಣಿಯ ಮುದ್ರೆ ಸರಿಯಿತ್ತು, ಸಹಿ ಸರಿಯಿತ್ತು, ಮೇಲಿನವರ ಒತ್ತಡವೂ ಇತ್ತು. ನಾನು ತೋಟಕ್ಕೇ ಹೋದೆ. ಕಾಗದದಲ್ಲಿದ್ದ ಕಾಫಿ ನೆಲದಲ್ಲಿ ಇರಲಿಲ್ಲ. ನಾನು ಮಂಜೂರು ಮಾಡಿದ ಸಾಲಗಳಲ್ಲಿ ಖೊಟ್ಟಿ ದಾಖಲೆಯ ಒಂದೇ ಒಂದು ಕಡತವೂ ಇರಲಿಲ್ಲ ಎಂಬುದನ್ನು ಹೆಮ್ಮೆಯಿಂದಲೇ ಬರೆಯುತ್ತೇನೆ. ಅದರ ಅರ್ಧ ಯಶಸ್ಸು ಆ ಬ್ಲೇಡಿಗೆ ಸಲ್ಲಬೇಕು.

ಮೇಷ್ಟ್ರ ವೈಕುಂಠ ಸಮಾರಾಧನೆಯ ದಿನ ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕುಳಿತಿದ್ದವರು ನಮ್ಮ ಕಾಲದ ಪ್ರಯೋಗಾಲಯದ ಅಟೆಂಡರ್. ಎಂಬತ್ತು ದಾಟಿದೆ, ಕಣ್ಣು ಮಂಜಾಗಿದೆ. ಪಾಯಸ ಬಡಿಸುವ ಹೊತ್ತಿಗೆ ನನ್ನ ಮೊಣಕೈ ಹಿಡಿದು, "ಬೀರು ಇನ್ನೂ ಇದೆ, ಮೆಟ್ಟಿಲ ಕೆಳಗೆ ಇಟ್ಟಿದ್ದಾರೆ, ಹೋಗಿ ನೋಡಿ" ಎಂದರು. ಸಂಜೆ ಐದು ಜನ ಹೋದೆವು. ವಿಭಾಗ ಹೊಸ ಕಟ್ಟಡಕ್ಕೆ ಹೋದಾಗ ಜಾಗ ಸಾಲದೆ ಆ ಮರದ ಬೀರು ಹಳೆಯ ಕಟ್ಟಡದಲ್ಲೇ ಉಳಿದಿತ್ತು. ಗೋಡೆಯ ತೇವ ಕೆಳಗಿನ ಎರಡು ಖಾನೆಗಳನ್ನು ತಿಂದಿತ್ತು. ನಾನು ಕೈ ಹಾಕಲು ಹೋದಾಗ ಜೊತೆಗಿದ್ದ ಅತಿಥಿ ಉಪನ್ಯಾಸಕಿ ತಡೆದರು. ಆ ಕಾಲದಲ್ಲಿ ಹುಳು ಬಾರದಂತೆ ಗಿಡಗಳಿಗೆ ಮರ್ಕ್ಯೂರಿಕ್ ಕ್ಲೋರೈಡ್ ಹಚ್ಚುತ್ತಿದ್ದರು. ಪಾದರಸದ ಆ ವಿಷ ಹಾಳೆಯಲ್ಲಿ ವರ್ಷಾನುಗಟ್ಟಲೆ ಉಳಿಯುತ್ತದೆ. ಕೈಗವಸು ತರಿಸಿ ಮತ್ತೆ ತೆರೆದೆವು.

ಒಂದು ಕಟ್ಟಿನಲ್ಲಿ ನಮ್ಮ ಜರಿಗಿಡ ಇತ್ತು. ಹಾಳೆಗೆ ಹೊಲಿಯದೆ ಉಳಿದ ಒಂದು ತುಂಡು ಪತ್ರಿಕೆಯ ನಡುವೆಯೇ ಇತ್ತು. ಅದು 1984ರ ನವೆಂಬರ್ 1ರ ಪತ್ರಿಕೆ. ಮುಖಪುಟದ ಇಂದಿರಾ ಗಾಂಧಿಯವರ ಚಿತ್ರದ ಮೇಲೆ ಜರಿಗಿಡದ ಕಂದು ಅಚ್ಚು ಬಿದ್ದಿತ್ತು. ಅದರ ಕೆಳಗೆ ನೀಲಿ ಕೇಪಳ!

ಮೇಷ್ಟ್ರು ಅದನ್ನು ಎಸೆದಿರಲಿಲ್ಲ. ಹರ್ಬೇರಿಯಂನಲ್ಲಿ ಒಂದು ಪದ್ಧತಿಯಿದೆ: ತಪ್ಪು ಕಂಡರೂ ಮೊದಲಿನ ಲೇಬಲನ್ನು ಕೀಳುವುದಿಲ್ಲ, ಪಕ್ಕದಲ್ಲಿ ಇನ್ನೊಂದು ಚೀಟಿ ಅಂಟಿಸಿ ಸರಿಯಾದದ್ದನ್ನು ಬರೆದು ಸಹಿ ಮಾಡುತ್ತಾರೆ. ನಮ್ಮ ಲೇಬಲಿನ ಪಕ್ಕದಲ್ಲಿ ಅವರ ಚೀಟಿ ಇತ್ತು. ದುಂಡನೆಯ ಅಕ್ಷರ: 'ಎಲೆ: ಇಕ್ಸೋರಾ. ಹೂವು: ಸ್ಟ್ರೊಬಿಲಾಂಥಸ್. ಅಂಟು: ಮೈದಾ. ಸಂಗ್ರಾಹಕರು ಬುದ್ಧಿವಂತರು, ತಿದ್ದಿಕೊಳ್ಳುತ್ತಾರೆ.' ಕೆಳಗೆ ಸಹಿ, ದಿನಾಂಕ. ಸೀಳಿದ ಹೂವಿನ ಲಕೋಟೆ ಮೂಲೆಯಲ್ಲಿ ಹಾಗೆಯೇ ಇತ್ತು. ನಾನು ಮೆಟ್ಟಿಲ ಮೇಲೆ ಕುಳಿತುಬಿಟ್ಟೆ.

ಮುಂದಿನ ತಿಂಗಳು ಹಳೆಯ ವಿದ್ಯಾರ್ಥಿಗಳ ಸಭೆ ಸೇರಿತು. ಎಲ್ಲರಿಗೂ ಮೇಷ್ಟ್ರ ಹೆಸರಿನಲ್ಲಿ ಏನಾದರೂ ಮಾಡುವ ಆಸೆ. ಹೆಚ್ಚು ಜನರ ಒಲವು ಕಾಲೇಜಿನ ಮುಂದೆ ಕಮಾನು ಕಟ್ಟಿಸಿ, ಗ್ರಾನೈಟ್ ಕಲ್ಲಿನಲ್ಲಿ ದಾನಿಗಳ ಹೆಸರು ಕೆತ್ತಿಸುವುದರ ಕಡೆಗಿತ್ತು. ನಾನು ಎದ್ದು ನಿಂತು ವಿರೋಧಿಸಿದೆ. ಮೇಷ್ಟ್ರು ನಮ್ಮೆಲ್ಲರ ಹೆಸರನ್ನೂ ಆಗಲೇ ಬರೆಸಿ ಇಟ್ಟಿದ್ದಾರೆ, ಊರು ದಿನಾಂಕ ಸಮೇತ. ಅದಕ್ಕೆ ಹುಳು ಹಿಡಿಯುತ್ತಿರುವಾಗ ಕಲ್ಲಿನಲ್ಲಿ ಇನ್ನೊಮ್ಮೆ ಯಾಕೆ ಕೆತ್ತಿಸಬೇಕು ಎಂದು ಕೇಳಿದೆ. ಸ್ವಲ್ಪ ಗಟ್ಟಿಯಾಗಿಯೇ ಕೇಳಿದೆ. ಕಮಾನಿನ ಮಾತು ಅಲ್ಲಿಗೆ ನಿಂತಿತು.

ಹರ್ಬೇರಿಯಂ ಉಳಿಸುವ ಕೆಲಸ ಶುರುವಾದ ಮೇಲೆ ತಿಳಿಯಿತು, ಕೊಡುವ ಬಗೆ ಎಷ್ಟೊಂದಿವೆ ಎಂದು. ನಮ್ಮಲ್ಲೊಬ್ಬರು ಐಸ್‌ಕ್ರೀಂ ವ್ಯಾಪಾರದಲ್ಲಿದ್ದವರು, ತಿನಿಸಿಗೆ ಮತ್ತೆ ಬಳಸುವುದಿಲ್ಲವೆಂದು ಬರೆದುಕೊಟ್ಟು ಹಳೆಯ ಡೀಪ್ ಫ್ರೀಜರ್ ಕೊಟ್ಟರು. ಹಾಳೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿನ ಶೀತದಲ್ಲಿ ಒಂದು ವಾರ ಇಟ್ಟರೆ, ವಿಷದ ಗೊಡವೆಯಿಲ್ಲದೆ ಹುಳು ಸಾಯುತ್ತದೆ. ಕಡೂರಿನ ಗೆಳೆಯ ಈಗ ಅಮೆರಿಕದ ಪ್ರಜೆ. ವಿದೇಶಿ ದೇಣಿಗೆಯ ಕಾನೂನಿನಂತೆ ಅನುಮತಿಯಿಲ್ಲದ ನಮ್ಮಂಥ ಸಣ್ಣ ಸಂಘ ಅವನ ಹಣ ಪಡೆಯುವಂತಿಲ್ಲ. ಅವನು ರಾತ್ರಿ ಕುಳಿತು ಹಳೆಯ ಲ್ಯಾಟಿನ್ ಹೆಸರುಗಳನ್ನು ಇಂದಿನ ಹೆಸರುಗಳೊಡನೆ ತಾಳೆ ನೋಡುತ್ತಾನೆ. ನಮ್ಮ ಕಾಲದಲ್ಲಿ ರಾಂಡಿಯಾ ಆಗಿದ್ದ ಕಾರೆ ಗಿಡ ಈಗ ಕ್ಯಾಟುನಾರೆಗಾಮ್ ಎಂದು ತಿಳಿದದ್ದು ಅವನಿಂದ. ಏಳು ಜನ ಸೇರಿ ಸಂಘವನ್ನು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿದೆವು. ಲೆಕ್ಕಪತ್ರ ನನ್ನದು. ಒಮ್ಮೆ ದೊಡ್ಡ ಮೊತ್ತ ಕೊಟ್ಟು ಮರೆಯುವವರಿಗಿಂತ ತಿಂಗಳಿಗೆ ಮುನ್ನೂರು ರೂಪಾಯಿ ತಪ್ಪದೆ ಕಳುಹಿಸುವ ಮೂವತ್ತೆಂಟು ಜನರಿಂದ ಕೆಲಸ ನಡೆಯುತ್ತಿದೆ. ಸ್ಟೀಲ್ ಬೀರುಗಳು ಬಂದಿವೆ, ಹಾಳೆಗಳು ಮೆಟ್ಟಿಲ ಕೆಳಗಿನಿಂದ ಒಂದು ಕಿಟಕಿಯಿರುವ ಕೋಣೆಗೆ ಬಂದಿವೆ.

ಕಾಲೇಜಿನ ಬಗ್ಗೆ ಒಂದು ಮಾತು ಹೇಳಬೇಕು, ಪ್ರೀತಿಯಿಂದಲೇ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ವರ್ಷ ಹಳೆಯ ವಿದ್ಯಾರ್ಥಿಗಳಿಗೆ ಕರೆ ಬರುತ್ತದೆ, ಸಹಿ ಹಾಕಿಸಿಕೊಂಡು ಫೋಟೋ ತೆಗೆಯುತ್ತಾರೆ. ಉಳಿದ ವರ್ಷಗಳಲ್ಲೂ ನಾವು ಬದುಕಿಯೇ ಇರುತ್ತೇವೆ. ಇನ್ನು ಸೆಮಿಸ್ಟರ್ ಓಟದಲ್ಲಿ ಗಿರಿಗೆ ಹೋಗಲು ಬಿಡುವೆಲ್ಲಿ? ಇಡೀ ಹರ್ಬೇರಿಯಂ ಹೊಣೆ ಹೊತ್ತಿರುವ ಆ ಅತಿಥಿ ಉಪನ್ಯಾಸಕಿಗೆ ಬರುವ ವರ್ಷ ಇಲ್ಲೇ ಕೆಲಸ ಇರುತ್ತದೆಯೇ ಎಂದು ಖಚಿತವಿಲ್ಲ. ಇದು ನನ್ನನ್ನು ನಿಜವಾಗಿ ನೋಯಿಸುತ್ತದೆ. ಮೇಷ್ಟ್ರು ಇಪ್ಪತ್ತು ಮಳೆಗಾಲ ಒಂದೇ ಕಾಲೇಜಿನಲ್ಲಿ ಇದ್ದದ್ದರಿಂದಲ್ಲವೇ ಆ ಬೀರು ತುಂಬಿದ್ದು?

ಮಕ್ಕಳ ಬಗ್ಗೆ ಮಾತ್ರ ನನ್ನ ಅಭಿಪ್ರಾಯ ಬದಲಾಗಿದೆ. ಗಿಡದ ಮುಂದೆ ಮೊಬೈಲ್ ಹಿಡಿದು ಹೆಸರು ತಿಳಿಯುವವರನ್ನು ಕಂಡರೆ ಮೊದಲು ಬೇಸರವಾಗುತ್ತಿತ್ತು. ಆ ಫೋಟೋದೊಳಗೆ ಜಾಗ, ದಿನ, ಗಳಿಗೆ ತಾನಾಗಿ ದಾಖಲಾಗುತ್ತದೆಂದು ಒಬ್ಬ ವಿದ್ಯಾರ್ಥಿನಿ ತೋರಿಸಿದಳು. ಮೇಷ್ಟ್ರು ಇದ್ದಿದ್ದರೆ ಕುಣಿದಾಡುತ್ತಿದ್ದರು. ಅನುಮತಿಯಿಲ್ಲದೆ ಕಾಡಿನಿಂದ ಗಿಡ ಕೀಳುವಂತಿಲ್ಲದ ಈ ಕಾಲಕ್ಕೆ ಅದೇ ಸರಿ. ಅವಳು ಹಳೆಯ ಲೇಬಲುಗಳ ಜಾಗಗಳನ್ನು ಹುಡುಕಿಕೊಂಡು ಹೋಗುತ್ತಿದ್ದಾಳೆ. ರಸ್ತೆಯ ತಿರುವಿನ ಜೌಗು ಎಂದು ನಾನು 1983ರಲ್ಲಿ ಬರೆದಿದ್ದ ಜಾಗದಲ್ಲಿ ಈಗ ಕಾರು ನಿಲ್ಲಿಸುತ್ತಾರಂತೆ. ಅಲ್ಲಿ ಕೆಂಪು ಕೂದಲಿನ ಪುಟ್ಟ ಕೀಟಾಹಾರಿ ಗಿಡವೊಂದು ಬೆಳೆಯುತ್ತಿತ್ತು ಎಂಬುದಕ್ಕೆ ನನ್ನ ಬಳಿಯಿರುವ ಸಾಕ್ಷಿ ಆ ಹಾಳೆಯೊಂದೇ.

ಹಾಳೆಗಳ ಫೋಟೋ ತೆಗೆದು ಕ್ರಮಸಂಖ್ಯೆ ಕೊಡುವಾಗ ನೀಲಿ ಕೇಪಳದ ಸರದಿ ಬಂತು. "ಸರ್, ಇದು ಸುಳ್ಳು ಗಿಡ. ಪಟ್ಟಿಯಿಂದ ಬಿಡಲೇ?" ಎಂದು ಅವಳು ಕೇಳಿದಳು. ಬಿಡಬೇಡ ಎಂದೆ. ಮೇಷ್ಟ್ರ ಚೀಟಿಯ ಪಕ್ಕ ಇನ್ನೊಂದಕ್ಕೆ ಜಾಗವಿತ್ತು. ನಮ್ಮಿಬ್ಬರ ಪೂರ್ತಿ ಹೆಸರು, ರೆಂಬೆ ಕಿತ್ತದ್ದು ಹಾಸ್ಟೆಲಿನ ಬೇಲಿಯಿಂದ ಎಂಬುದು, ಇಂದಿನ ತಾರೀಖು ಇಷ್ಟನ್ನು ಬರೆದು ಸಹಿ ಮಾಡಿದೆ. ಅವಳು 417 ಎಂದು ಸಂಖ್ಯೆ ಹಾಕಿದಳು.

ಈ ವರ್ಷದ ಗಿರಿ ಪ್ರವಾಸ ಸೆಪ್ಟೆಂಬರಿನಲ್ಲಿ. ವಾಹನಕ್ಕೆ ಮೊದಲೇ ಹೆಸರು ನೋಂದಾಯಿಸಬೇಕಾದ್ದರಿಂದ ಬರುವವರು ಆಗಸ್ಟ್ ಒಳಗೆ ತಿಳಿಸಿ. ಮಕ್ಕಳ ಬಸ್ಸಿನಲ್ಲಿ ಆರು ಸೀಟು ಹಳೆಯ ವಿದ್ಯಾರ್ಥಿಗಳಿಗೆಂದು ಇಟ್ಟಿದ್ದೇವೆ. ಸುಣ್ಣ, ಹೊಗೆಸೊಪ್ಪಿನ ಗಂಟು ನಾನು ತರುತ್ತೇನೆ.