ಮಿಷಿಗನ್–ಟ್ರಂಬುಲ್ ಮೂಲೆಯ ಕಂಬ

ನಾನು ಡೆಟ್ರಾಯಿಟ್‌ಗೆ ಬರುವ ಹೊತ್ತಿಗೆ, ಮಿಷಿಗನ್ ಮತ್ತು ಟ್ರಂಬುಲ್ ರಸ್ತೆಗಳು ಕೂಡುವ ಮೂಲೆಯಲ್ಲಿ ಊರಿನ ಬೇಸ್‌ಬಾಲ್ ತಂಡ ಟೈಗರ್ಸ್ ಆಡುತ್ತಿದ್ದ ಟೈಗರ್ ಸ್ಟೇಡಿಯಂನಲ್ಲಿ ಆಟ ನಿಂತು ವರ್ಷಗಳೇ ಕಳೆದಿದ್ದವು. ಆದರೂ ಬೇಸ್‌ಬಾಲ್ ಕುರಿತು ನನಗೆ ತಿಳಿದಿರುವುದೆಲ್ಲ ಆ ಮೈದಾನದಿಂದಲೇ ಬಂದದ್ದು. ಕಾರು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ನೆರೆಮನೆಯ ಹಿರಿಯರು ಚಳಿಗಾಲದ ಬೆಳಿಗ್ಗೆ ಬಾಗಿಲ ಮುಂದಿನ ಹಿಮ ಎತ್ತುತ್ತಲೇ ಅದರ ಕಥೆ ಹೇಳುತ್ತಿದ್ದರು.

1912ರ ಏಪ್ರಿಲ್ 20ರಂದು ನೇವಿನ್ ಫೀಲ್ಡ್ ಎಂಬ ಹೆಸರಿನಲ್ಲಿ ತೆರೆದ ಮೈದಾನವದು. ಅಲ್ಲಿ ಆಡಿದ ಟೈ ಕಾಬ್ ಚೆಂಡನ್ನು ಬೀಸಿ ಹೊಡೆಯುವ ಬದಲು ಬ್ಯಾಟಿನಿಂದ ಮೆಲ್ಲನೆ ತಟ್ಟಿ ಓಡುವುದರಲ್ಲಿ ನಿಸ್ಸೀಮ. ಹಾಗೆ ತಟ್ಟಿದ ಚೆಂಡು ದೂರ ಉರುಳದಿರಲೆಂದು ಸಿಬ್ಬಂದಿ, ಬ್ಯಾಟ್ ಹಿಡಿದವನು ನಿಲ್ಲುವ ಹೋಮ್ ಪ್ಲೇಟ್ ಮುಂದಿನ ಮಣ್ಣಿಗೆ ನೀರು ಹೊಯ್ದು ಕೆಸರು ಮಾಡುತ್ತಿದ್ದರಂತೆ. ಆ ಜಾಗಕ್ಕೆ ‘ಕಾಬ್‌ನ ಕೆರೆ’ ಎಂದೇ ಹೆಸರು ಬಿತ್ತು. ಕ್ರಿಕೆಟ್ ಪಿಚ್ಚಿನ ತಕರಾರು ಕೇಳಿಯೇ ಬೆಳೆದ ನನಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ. ಅಚ್ಚರಿಯಾದದ್ದು ಧ್ವಜಸ್ತಂಭ: 125 ಅಡಿಯ ಕಂಬವೊಂದು ಬೇಲಿಯ ಹೊರಗಲ್ಲ, ಆಟ ನಡೆಯುವ ಅಂಗಳದೊಳಗೇ ನಿಂತಿತ್ತು. ನೇರ ಎದುರಿನ ಗೋಡೆ 440 ಅಡಿ ದೂರದಲ್ಲಿದ್ದುದರಿಂದ ಅಲ್ಲಿಯವರೆಗೆ ಚೆಂಡು ಹೋಗುವುದೇ ಅಪರೂಪವಾಗಿತ್ತು.

ಹಿರಿಯರ ಮನೆಯಲ್ಲಿ ಟಿಕೆಟ್ಟಿಗಿಂತ ರೇಡಿಯೋ ಬಳಕೆ ಹೆಚ್ಚು. ನಡುವೆ ಒಂದು ವರ್ಷ ಬಿಟ್ಟರೆ 1960ರಿಂದ 2002ರವರೆಗೆ ಟೈಗರ್ಸ್ ತಂಡದ ವೀಕ್ಷಕ ವಿವರಣೆ ನೀಡಿದವರು ಅರ್ನಿ ಹಾರ್ವೆಲ್. ಗೆರೆಯಾಚೆ ಹಾರಿದ ಚೆಂಡನ್ನು ಪ್ರೇಕ್ಷಕರಲ್ಲಿ ಯಾರಾದರೂ ಹಿಡಿದರೆ, ಇಪ್ಸಿಲಾಂಟಿಯವರೊಬ್ಬರು ಹಿಡಿದರು, ಸ್ಯಾಗಿನಾದವರೊಬ್ಬರು ಹಿಡಿದರು ಎಂದು ಯಾವುದಾದರೊಂದು ಊರಿನ ಹೆಸರು ಸೇರಿಸುವುದು ಅವರ ರೂಢಿ. ಹಿಡಿದವನ ಊರು ಅವರಿಗೆ ಗೊತ್ತಿರುತ್ತಿರಲಿಲ್ಲವೆಂಬುದು ಎಲ್ಲರಿಗೂ ಗೊತ್ತಿತ್ತು. ಆದರೂ ತಮ್ಮ ಊರಿನ ಹೆಸರು ಬರಲೆಂದು ಮಕ್ಕಳು ಕಿವಿಯಾನಿಸಿ ಕೂರುತ್ತಿದ್ದರು. ನಮ್ಮ ಹಿರಿಯರೂ ಹಾಗೆ ಕೂತವರೇ.

1999ರ ಸೆಪ್ಟೆಂಬರ್ 27ರಂದು ಕೊನೆಯ ಪಂದ್ಯ ನಡೆಯಿತು. ಎಂಟನೆಯ ಇನಿಂಗ್ಸ್‌ನಲ್ಲಿ ರಾಬರ್ಟ್ ಫಿಕ್ ಹೊಡೆದ ಚೆಂಡು ಬಲಬದಿಯ ಚಾವಣಿಗೆ ಬಡಿದು ಕೆಳಗುರುಳಿತು. ಓಟದ ಹಾದಿಯ ತಂಗುದಾಣಗಳಾದ ಬೇಸುಗಳಲ್ಲಿದ್ದ ಮೂವರೂ ಅವನೊಂದಿಗೆ ಓಡಿ ಮುಗಿಸಿದರು. ಮರುವರ್ಷ ತಂಡ ಕಾಮೆರಿಕಾ ಪಾರ್ಕ್‌ಗೆ ಹೋಯಿತು, 2009ರ ಹೊತ್ತಿಗೆ ಹಳೆಯ ಕಟ್ಟಡ ನೆಲಸಮವಾಯಿತು. ಮರುವರ್ಷದಿಂದ ಕೆಲವು ಅಭಿಮಾನಿಗಳು, ಯಾರ ಅಪ್ಪಣೆಯನ್ನೂ ಕಾಯದೆ, ತಮ್ಮದೇ ಯಂತ್ರ ತಂದು ಆಳೆತ್ತರದ ಕಳೆ ಕತ್ತರಿಸಿ ಅಂಗಳವನ್ನು ಉಳಿಸಿಕೊಂಡರು. 2018ರಲ್ಲಿ ಅಲ್ಲಿ ಮಕ್ಕಳ ಕ್ರೀಡಾಂಗಣ ತೆರೆಯಿತು, ಕೃತಕ ಹುಲ್ಲು ಬಂತು. ಅಷ್ಟು ವರ್ಷ ಹುಲ್ಲನ್ನು ಜೋಪಾನ ಮಾಡಿದವರ ಎದುರಿಗೇ ಪ್ಲಾಸ್ಟಿಕ್ ಹಾಸಿದ್ದು ನನಗೆ ಇವತ್ತಿಗೂ ಸರಿಕಾಣುವುದಿಲ್ಲ.

ಕಂಬ ಮಾತ್ರ ಇದ್ದಲ್ಲೇ ಇದೆ. ಕಳೆದ ಬೇಸಿಗೆಯ ಒಂದು ಶನಿವಾರ ಹಿರಿಯರೊಡನೆ ಅದನ್ನು ನೋಡಲು ಹೋಗಿದ್ದೆ. ಬೇಲಿಯಾಚೆ ಮಕ್ಕಳ ಪಂದ್ಯ ನಡೆದಿತ್ತು. ದಿಕ್ಕುತಪ್ಪಿದ ಚೆಂಡೊಂದು ಬೇಲಿ ಹಾರಿ ಬಂದು, ಎರಡು ಪುಟ ಬಿದ್ದು ನನ್ನ ಬೂಟಿಗೆ ತಾಗಿ ನಿಂತಿತು. ಕೆಂಪು ಹೊಲಿಗೆಯ ಒಂದು ಕಡೆ ನೂಲು ಬಿಟ್ಟಿತ್ತು. ನಾನು ಬಗ್ಗಿ ಎತ್ತಿಕೊಂಡದ್ದಷ್ಟೇ. ಹಿರಿಯರು ಗಂಟಲು ಸರಿಮಾಡಿಕೊಂಡು, ಹಾರ್ವೆಲ್ ಧಾಟಿಯಲ್ಲಿ, ಶಿವಮೊಗ್ಗದವರೊಬ್ಬರು ಅದನ್ನು ಹಿಡಿದರೆಂದು ಬೀದಿಗೆಲ್ಲ ಕೇಳುವಂತೆ ಸಾರಿದರು.