ಎಲೆಯ ಕೊಟ್ಟೆಯ ಬದಲು ಇಡೀ ಚೀನಿಕಾಯಿ

ಅಶ್ವಯುಜದ ಹುಣ್ಣಿಮೆ ಬಂತೆಂದರೆ ನಮ್ಮ ಸಾಗರದ ಕಡೆ ಗದ್ದೆಗೆ ಬಯಕೆ ಊಟ. ಭತ್ತ ಹೊಡೆ ತುಂಬಿ ನಿಂತಿರುತ್ತದಲ್ಲ, ಬಸುರಿ ಭೂಮಿತಾಯಿಗೆ ರಾತ್ರಿಯಿಡೀ ಅಡುಗೆ ಮಾಡಿ, ಬೆಳಕು ಹರಿಯುವ ಮೊದಲೇ ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿ ಹೊತ್ತು ಹೋಗಿ ಬಡಿಸುತ್ತಾರೆ. ನಮ್ಮನೆ ಬುಟ್ಟಿಯಲ್ಲಿ ಬೆರಕೆ ಸೊಪ್ಪಿನ ಜೊತೆ ಚೀನಿಕಾಯಿ, ಅಂದರೆ ಸಿಹಿಗುಂಬಳದ ಕಡುಬು ಇರಲೇಬೇಕು.

ನಾನು ಮಿನೆಸೋಟಕ್ಕೆ ಬಂದು ಆರು ವರ್ಷ. ಇಲ್ಲಿ ಕಡುಬು ಕಟ್ಟಲು ಬಾಳೆಲೆಯಿಲ್ಲ, ಅರಿಶಿನದೆಲೆಯಿಲ್ಲ. ಅಕ್ಟೋಬರ್‌ನಲ್ಲಿ ಕುಂಬಳಕ್ಕೆ ಮಾತ್ರ ಬರವಿಲ್ಲ. ಹಾಲೊವೀನ್‌ಗೆಂದು ಮೆಟ್ಟಿಲು ಮೆಟ್ಟಿಲಿಗೂ ಇಟ್ಟಿರುತ್ತಾರೆ. ಎಲೆಯಿಲ್ಲದಿದ್ದರೆ ಕಾಯಿಯೇ ಕೊಟ್ಟೆಯಾಗಲಿ ಅನ್ನಿಸಿತು.

ಮೊದಲ ಸಲ ಕೆತ್ತನೆಗೆ ಮಾರುವ ದೊಡ್ಡ ಕುಂಬಳ ತಂದು ಬೇಸರಪಟ್ಟೆ. ಬರೀ ನಾರು, ನೀರು. ಈಗ ತರುವುದು ಒಂದು ಕಿಲೋ ಆಸುಪಾಸಿನ ಶುಗರ್ ಪೈ, ಇಲ್ಲವೇ ಹಸಿರು ಸಿಪ್ಪೆಯ ಕಬೋಚಾ. ತಿರುಳು ಗಟ್ಟಿ, ಸಿಹಿ. ತೊಟ್ಟಿನ ಸುತ್ತ ಚಾಕುವನ್ನು ಓರೆಯಾಗಿ ಇಳಿಸಿ ಮುಚ್ಚಳ ತೆಗೆಯಬೇಕು. ನೇರ ಕೊಯ್ದರೆ ಮುಚ್ಚಳ ಒಳಗೆ ಬೀಳುತ್ತದೆ. ಬೀಜ, ನಾರನ್ನೆಲ್ಲ ಚಮಚದಲ್ಲಿ ಕೆರೆದು, ಒಳಮೈಗೆ ಚಿಟಿಕೆ ಉಪ್ಪು ಸವರುತ್ತೇನೆ. ಅಕ್ಕಿತರಿ, ತುರಿದ ಚೀನಿಕಾಯಿ, ಬೆಲ್ಲ, ಕಾಯಿತುರಿ, ಏಲಕ್ಕಿ ಕಲಸಿ ಮುಕ್ಕಾಲು ಭಾಗ ಮಾತ್ರ ತುಂಬಬೇಕು. ಒಮ್ಮೆ ಕಂಠಮಟ್ಟ ತುಂಬಿ, ತರಿ ಅರಳಿ ಕಾಯಿ ಪಕ್ಕಕ್ಕೆ ಸೀಳಿಕೊಂಡಿತ್ತು. ಆವಿಯಲ್ಲಿ ಒಂದು ಗಂಟೆ ಬೇಕು. ಕಡ್ಡಿ ಚುಚ್ಚಿದರೆ ಸಿಪ್ಪೆಯೂ ಬೆಣ್ಣೆಯಂತೆ ಬಿಟ್ಟುಕೊಳ್ಳಬೇಕು, ಆದರೆ ಕಾಯಿ ಕುಸಿಯಬಾರದು. ಪೂರ್ತಿ ಆರಿದ ಮೇಲೆ ಹೋಳು ಮಾಡಿದರೆ ಹೊರಗೆ ಹಸಿರು, ನಡುವೆ ಕೇಸರಿ, ಒಳಗೆ ಬೆಲ್ಲದ ಬಣ್ಣದ ಕಡುಬು.

ಏಕಾರ್ನ್ ಸ್ಕ್ವಾಶ್ ಎಂಬ ಚಿಕ್ಕ ಕುಂಬಳವನ್ನು ಇಡಿಯಾಗಿ ಓವನ್‌ಗೇ ಇಡುತ್ತೇನೆ, 200 ಡಿಗ್ರಿ ಸೆಲ್ಸಿಯಸ್, ಸುಮಾರು ಒಂದು ಗಂಟೆ. ನಾಲ್ಕಾರು ಕಡೆ ಚುಚ್ಚುವುದನ್ನು ಮರೆಯಬಾರದು, ಒಳಗಿನ ಆವಿಗೆ ಕಾಯಿ ಸಿಡಿದೀತು. ಬೆಂದ ತಿರುಳಿಗೆ ಜೀರಿಗೆಮೆಣಸು, ಮೊಸರು, ಒಗ್ಗರಣೆ.

ಕುಂಬಳದ ಮೂಲ ಈ ಅಮೆರಿಕ ಖಂಡವೇ. ಮೆಕ್ಸಿಕೋದ ಜನ ಅದನ್ನು ಸುಮಾರು 10,000 ವರ್ಷಗಳ ಹಿಂದೆಯೇ ಬೆಳೆಸುತ್ತಿದ್ದರು. ನಾವು ಚೀನಿಕಾಯಿ ಎಂದು ಕರೆದುಕೊಂಡಿದ್ದು ಈ ಮಣ್ಣಿನ ಮಗಳನ್ನು ಎಂದು ತಿಳಿದಾಗಿನಿಂದ, ಇಲ್ಲಿನ ಭೂಮಿಗೆ ಬಡಿಸಲು ನನಗೆ ಸಂಕೋಚವಿಲ್ಲ.

ಹೋದ ವರ್ಷ ನಸುಕಿನಲ್ಲಿ ಹಿತ್ತಿಲಲ್ಲಿ ಗುಳಿ ತೋಡಿ ಒಂದು ಹೋಳು ಇಟ್ಟು ಮುಚ್ಚಿದೆವು, ಮಗಳು ಉಳಿದಿದ್ದನ್ನು ಭೂಮಿಗೆ ಚರಗವೆಂದು ಸುತ್ತ ಬೀರಿದಳು. ಮಾರನೇ ದಿನ ಅಳಿಲು ಗುಳಿ ಕೆದಕಿತ್ತು. ಫೋನಿನಲ್ಲಿ ಹೇಳಿದರೆ ಅಮ್ಮ ಅಂದಳು, "ಇಲ್ಲಿ ಇಲಿ ತಿಂತದೆ, ಅಲ್ಲಿ ಅಳಿಲು. ಮುಂದಿನ ಸಲ ಅದಕ್ಕೂ ಒಂದು ಹೋಳು ಇಡು."